ಬುಟ್ಟಿ ಇಳಿಯದ ಮಂಗಳವಾರ

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗಲೇ ವಿಸ್ಸಾ ಬಂದು ನಿಂತಿದ್ದ. ಈಗ ಹನ್ನೆರಡೂಕಾಲು, ಬುಟ್ಟಿ ಇನ್ನೂ ಇಳಿದಿರಲಿಲ್ಲ. ಬೆಳಗಿನಿಂದ ಬೀಸುತ್ತಿದ್ದ ಮರಳುಗಾಳಿಗೆ ಶುಬ್ರಾ ಬಡಾವಣೆಯ ಆಕಾಶ ಗಾಯಕ್ಕೆ ಸುತ್ತಿದ ಹಳೇ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು, ಬೀದಿಯ ಎರಡೂ ಸಾಲಿನಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದು ಕೈಯಲ್ಲಿ ಬೇಳೆಸಾರಿನ ಕ್ಯಾರಿಯರ್, ಕಂಕುಳಲ್ಲಿ ರೊಟ್ಟಿಯ ಕಟ್ಟು, ಜೇಬಿನಲ್ಲಿ ಔಷಧಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಮೂಗಿಗೆ ಒತ್ತಿಕೊಂಡ ಕರವಸ್ತ್ರ. ಹೀಗೆ ನಿಂತು ಅವನು ನಾಲ್ಕನೆಯ ಮಹಡಿಯ ಬಾಲ್ಕನಿಯನ್ನೇ ನೋಡುತ್ತಿದ್ದ. ಕುರ್ಚಿಯ ಬೆನ್ನು ಕಾಣುತ್ತಿತ್ತು, ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನಾಲ್ಕು ತಿಂಗಳಿಂದ ಪ್ರತಿ ಮಂಗಳವಾರ ಆ ಕುರ್ಚಿಯಲ್ಲಿ ಘಾಲಿ ಕೂತಿರುತ್ತಿದ್ದ. ಮೂವತ್ತು ವರ್ಷ ಅಮೃತಶಿಲೆ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು, ಆ ಬಿಳಿ ಪುಡಿಯನ್ನೆಲ್ಲ ಎದೆಗೆ ತುಂಬಿಕೊಂಡು, ಈಗ ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುವ ಒಂಟಿ ಮನುಷ್ಯ. ವಿಸ್ಸಾ ಕಾಣಿಸಿದ ಕೂಡಲೇ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಅಲುಗಾಡುತ್ತ ಇಳಿಯುತ್ತಿತ್ತು. ಊಟ, ಔಷಧಿ ಇಟ್ಟು ಹಗ್ಗವನ್ನು ಎರಡು ಸಲ ಜಗ್ಗಿದರೆ ಅದು ಮೇಲೇರುತ್ತಿತ್ತು. ಕಂಬಿಯ ಸಂದಿಯಿಂದ ಒಂದು ಕೈ ಬೀಸುತ್ತಿತ್ತು, ಇವನೂ ಬೀಸುತ್ತಿದ್ದ. ಆಮೇಲೆ ಬೀದಿಯ ತಿರುವಿನ ತನಕ ವಿಸ್ಸಾನ ನಡಿಗೆ ಎಷ್ಟು ಹಗುರವಾಗಿರುತ್ತಿತ್ತೆಂದರೆ, ಅದು ಅವನಿಗೇ ನಾಚಿಕೆ ತರುತ್ತಿತ್ತು.

ಕೂಗಬಹುದಿತ್ತು. ಆದರೆ ಕೂಗಿ ಉತ್ತರ ಬರದಿದ್ದರೆ ಮೇಲೆ ಹತ್ತಲೇಬೇಕಾಗುತ್ತದೆ ಎಂದು ಅವನ ಗಂಟಲು ಮೊದಲೇ ಲೆಕ್ಕ ಹಾಕಿ ಮುಚ್ಚಿಕೊಂಡಿತ್ತು. ಕೂಗದೇ ಇದ್ದರೆ, ಮನುಷ್ಯ ಮಲಗಿರಬಹುದು, ಈ ಧೂಳಿಗೆ ಹೊರಗೆ ಬಂದಿರಲಾರ, ಹಾಗೆ ಯೋಚಿಸಲು ಜಾಗ ಉಳಿಯುತ್ತದೆ. ಕಳೆದ ಶುಕ್ರವಾರ ಚರ್ಚಿನ ಸೇವಕರ ಸಭೆಯಲ್ಲಿ ಪಾದ್ರಿಗಳಾದ ಅಬೂನಾ ಸರಾಬಾಮೋನ್ ಎಲ್ಲರೆದುರಿಗೆ ಇವನ ಭುಜದ ಮೇಲೆ ಕೈಯಿಟ್ಟು, "ನೋಡಿ ನಮ್ಮ ವಿಸ್ಸಾನ್ನ. ಐವತ್ತಾರು ವರ್ಷ. ಕನ್ನಡಕದಂಗಡಿ ಬಾಗಿಲು ಹಾಕಿ, ನಾಲ್ಕು ಮಹಡಿ ಹತ್ತಿ ಹೋಗ್ತಾನೆ, ಘಾಲಿ ಪಕ್ಕದಲ್ಲಿ ಕೂತ್ಕೊಂಡು ಮಾತಾಡಿಸ್ತಾನೆ. ನೀವು ಹುಡುಗರು ಮೊಣಕಾಲು ನೋವು ಅಂತೀರಿ," ಎಂದಿದ್ದರು. ಎಲ್ಲರೂ ನಕ್ಕರು. ವಿಸ್ಸಾ ತಲೆ ತಗ್ಗಿಸಿದ. ತಗ್ಗಿಸಿದ ತಲೆ ವಿನಯದಂತೆ ಕಂಡಿರಬೇಕು, ಹಿಂದಿನ ಬೆಂಚಿನಿಂದ ಯಾರೋ "ದೇವರು ಒಳ್ಳೇದು ಮಾಡ್ಲಿ" ಎಂದರು. ನಾನು ಹತ್ತೋದಿಲ್ಲ ಎನ್ನಲು ಎರಡೇ ಮಾತು ಸಾಕಿತ್ತು. ಆ ಮಾತು ಬಾಯಲ್ಲಿ ಬೇಯದ ಕಾಳಿನಂತೆ ಉರುಳಾಡಿತು, ಅಷ್ಟರಲ್ಲಿ ಚಹಾ ಬಂತು. ಅಬೂನಾಗೆ ಇದನ್ನು ಹೇಳಿದವರು ಯಾರು ಎಂಬುದು ಮಾತ್ರ ಅವನಿಗೆ ಬಗೆಹರಿದಿರಲಿಲ್ಲ. ತಾನಂತೂ ಹೇಳಿರಲಿಲ್ಲ. ಸುಳ್ಳು ತಾನೇ ಹುಟ್ಟಿಕೊಂಡಿತ್ತು, ತಾನು ಅದಕ್ಕೆ ಮನೆ ಕೊಟ್ಟಿದ್ದ ಅಷ್ಟೇ.

"ಏನು ಉಸ್ತಾದ್, ಇವತ್ತು ನಿಮ್ಮ ಲಿಫ್ಟು ಕೆಟ್ಟಿದೆಯಾ?" ಎಂದ ರಗಬ್. ಕಟ್ಟಡದ ಕೆಳಗೆ ಇಸ್ತ್ರಿ ಅಂಗಡಿಯವನು. ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಅಂಗಿ ಉಜ್ಜುತ್ತಿದ್ದ. ಈ ನಾಲ್ಕು ತಿಂಗಳೂ ಎಲ್ಲವನ್ನೂ ನೋಡಿದ್ದವನು ಇವನೊಬ್ಬನೇ.

"ಮಲಗಿದಾರೇನೋ," ಎಂದ ವಿಸ್ಸಾ.

"ಇರಬಹುದು. ಬೆಳಿಗ್ಗೆ ಮೇಲೆ ಏನೋ ದಡ್ ಅಂತ ಬಿದ್ದ ಹಾಗಾಯ್ತು. ಮೇಜೋ, ಮನುಷ್ಯನೋ, ಇಲ್ಲಿಂದ ಹೇಗೆ ಗೊತ್ತಾಗತ್ತೆ." ರಗಬ್ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದ. "ಮೆಟ್ಟಿಲು ಆ ಕಡೆ ಇದೆ. ಗೊತ್ತಲ್ಲ?"

ತಾನು ಏನು ಮಾಡುತ್ತಿದ್ದೇನೆಂದು ವಿಸ್ಸಾಗೆ ತಿಳಿಯುವುದರೊಳಗೆ ಕ್ಯಾರಿಯರನ್ನೂ ರೊಟ್ಟಿಯನ್ನೂ ಔಷಧಿಯನ್ನೂ ಇಸ್ತ್ರಿ ಮೇಜಿನ ಮೇಲೆ ಇಟ್ಟಾಗಿತ್ತು. "ಅಂಗಡೀಲಿ ಗಿರಾಕಿ ಕಾಯ್ತಿದಾರೆ. ಯಾರಾದರೂ ಮೇಲೆ ಹೋಗೋರಿದ್ದರೆ ದಯವಿಟ್ಟು ಕೊಟ್ಟುಬಿಡಿ." ರಗಬ್ ಕ್ಯಾರಿಯರನ್ನು ನೋಡಿದ, ಇವನನ್ನು ನೋಡಿದ, ತೋಳಿನ ಮಡಿಕೆಗೆ ನೀರು ಚಿಮುಕಿಸಿ ಮತ್ತೆ ಉಜ್ಜತೊಡಗಿದ. ಬೈದಿದ್ದರೆ ವಾಸಿಯಿತ್ತು. ವಿಸ್ಸಾ ಗೋಡೆಯ ಪಕ್ಕಕ್ಕೇ ನಡೆದ, ಗಾಳಿಗೆ ಬೆನ್ನು ಕೊಟ್ಟು, ಬೇಗಬೇಗ. ನಾಳೆ ಅಬೂನಾಗೆ ಹೇಳಿಬಿಡುತ್ತೇನೆ, ನನಗೆ ಬೇರೆ ಮನೆ ಕೊಡಿ, ಕಾಲೇಜಿನ ಹುಡುಗ ಇರುವ ಮನೆ, ಬಡ ವಿಧವೆಯ ಮನೆ, ಯಾರೂ ಉಸಿರಿಗೆ ಒದ್ದಾಡದ ಮನೆ. ಸೋಂಕಿನ ಭಯವಲ್ಲ ಇದು. ಕಲ್ಲಿನ ಧೂಳಿನ ಕಾಯಿಲೆ ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದನ್ನು ಅವನೇ ಓದಿದ್ದ. ಅಂಟುವುದಾಗಿದ್ದರೆ ಎಷ್ಟು ಒಳ್ಳೆಯದಿತ್ತು, ಹೇಳಿಕೊಳ್ಳಲು ಒಂದು ಮರ್ಯಾದೆಯ ಕಾರಣವಿರುತ್ತಿತ್ತು.

ತಿರುವಿನಲ್ಲಿ ಅಗಾಬಿ ಅಕ್ಕ ಎದುರಾದಳು. ಭಾನುವಾರ ಮಕ್ಕಳಿಗೆ ಪಾಠ ಹೇಳುವ ದೊಡ್ಡ ದನಿಯ ಹೆಂಗಸು, ತಲೆಗೆ ಬಟ್ಟೆ ಸುತ್ತಿ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದಿದ್ದಳು. "ವಿಸ್ಸಾ, ಘಾಲಿ ಹತ್ರ ಹೊರಟ್ಯಾ? ಈ ಗಾಳೀಲೂ ಬಿಡಲಿಲ್ಲ ನೋಡು ನೀನು." ಅವನು ಬರುತ್ತಿದ್ದ ದಿಕ್ಕನ್ನು ಅವಳು ನೋಡಿರಲಿಲ್ಲ, ಅಥವಾ ನೋಡಿಯೂ ನಂಬಿರಲಿಲ್ಲ. "ನಡಿ, ನಾನೂ ಆ ಕಡೇನೇ." ಹೀಗಾಗಿ ವಿಸ್ಸಾ ತಿರುಗಿದ. ದೇವರು ಕರೆದದ್ದಕ್ಕಲ್ಲ, ಮನಸ್ಸು ಚುಚ್ಚಿದ್ದಕ್ಕಲ್ಲ. ಒಬ್ಬ ಹೆಂಗಸು ಪಕ್ಕದಲ್ಲಿ ಸೊಪ್ಪಿನ ಬೆಲೆಯ ಬಗ್ಗೆ ಮಾತಾಡುತ್ತ ನಡೆಯುತ್ತಿದ್ದಳು, ಅವಳೆದುರು ಬೇರೆ ದಾರಿ ತೋಚಲಿಲ್ಲ, ಅದಕ್ಕೆ. ಇಸ್ತ್ರಿ ಅಂಗಡಿಯ ಮುಂದೆ ರಗಬ್ ಮೂರೂ ಸಾಮಾನನ್ನು ಎತ್ತಿ ಕೈಗೆ ಕೊಟ್ಟ. "ನಿಮ್ಮದು ಇಲ್ಲೇ ಜೋಪಾನವಾಗಿದೆ ಉಸ್ತಾದ್," ಎಂದ, ಅಗಾಬಿಗೆ ಕೇಳುವಷ್ಟು. ಅವಳು ಮೆಟ್ಟಿಲ ಬಾಗಿಲ ತನಕ ಬಂದು ನಿಂತಳು. "ನನ್ನ ಕಾಲು ನೋವಿಲ್ಲದಿದ್ರೆ ನಾನೂ ಬರ್ತಿದ್ದೆ. ಘಾಲಿಗೆ ಕೇಳಿದೆ ಅಂತ ಹೇಳು." ಅವಳು ಹೋಗುವ ತನಕ ಹತ್ತದೆ ನಿಲ್ಲುವಂತಿರಲಿಲ್ಲ. ಅವಳೋ, ಅವನು ಹತ್ತುವುದನ್ನು ನೋಡುವ ತನಕ ಹೋಗುವಂತಿರಲಿಲ್ಲ.

ಮೊದಲ ಮಹಡಿಯಲ್ಲಿ ಯಾರದೋ ಅಡುಗೆಮನೆಯಿಂದ ಹುರಿದ ಬೆಳ್ಳುಳ್ಳಿಯ ವಾಸನೆ. ಮೆಟ್ಟಿಲಿನ ಅಂಚುಗಳು ಸವೆದು ನಡುವೆ ತಗ್ಗಾಗಿದ್ದವು. ಕೀರ್ಯಾಲೈಸೋನ್, ಕರ್ತನೇ ಕರುಣಿಸು, ಒಂದೊಂದು ಮೆಟ್ಟಿಲಿಗೆ ಒಂದೊಂದು ಸಲ. ಹನ್ನೆರಡನೆಯದರಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಹಿಡಿದ. ಎರಡನೆಯ ಮಹಡಿಯಲ್ಲಿ ನಿಂತು ಕಿವಿಗೊಟ್ಟ. ಉಸಿರಿಗೆ ಒದ್ದಾಡುವ ಆ ಸದ್ದು ಕೇಳಿದರೆ ಭಯ, ಕೇಳದಿದ್ದರೆ ಇನ್ನೂ ಭಯ. ಮೂವತ್ತಾರು ವರ್ಷದ ಹಿಂದೆ, ಅವನ ಮನೆಯಲ್ಲಿ ಸೀಮೆಎಣ್ಣೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಹಬೆ ಕೊಡಿ, ಎದೆ ಬಿಡುತ್ತೆ ಎಂದು ಡಾಕ್ಟರು ಹೇಳಿಹೋಗಿದ್ದರು, ಅವನು ಪಾತ್ರೆ ಇಟ್ಟಿದ್ದ. ಇಪ್ಪತ್ತು ವರ್ಷದ ಹುಡುಗ. ಗೋಡೆಯ ಆಚೆ ಅಮ್ಮನ ಉಸಿರು, ಹರಿದ ತಿದಿಯಂತೆ, ಎಳೆದೂ ಎಳೆದೂ. ನಡುವೆ ಒಂದು ಸಲ ಅವನ ಹೆಸರು. ನೀರು ಕುದಿಯಿತು, ಮತ್ತೂ ಕುದಿಯಿತು, ಅವನು ಅದನ್ನೇ ನೋಡುತ್ತ ನಿಂತ. ನೀರು ಬತ್ತಿ ಪಾತ್ರೆಯ ತಳ ಹತ್ತಿ ಕಮಟು ಏಳುವಾಗ ಗೋಡೆಯ ಆಚೆ ನಿಶ್ಶಬ್ದವಾಗಿತ್ತು. ಆಮೇಲೆ ಬಂದ ಹೆಂಗಸರೆಲ್ಲ ಅವನ ತಲೆ ಸವರಿ, ಎಂಥ ಮಗ, ಕೊನೇ ಗಳಿಗೆ ತನಕ ಪಕ್ಕದಲ್ಲೇ ಇದ್ದ ಎಂದರು. ಆಗಲೂ ಅವನು ತಲೆ ತಗ್ಗಿಸಿದ್ದ. ಮೂರನೆಯ ಮಹಡಿ ಬಂತು. ಕ್ಯಾರಿಯರಿನ ಹಿಡಿ ಬೆರಳನ್ನು ಕೊರೆಯುತ್ತಿತ್ತು. ಹೆಣ ಇದ್ದರೆ ಏನು ಮಾಡಬೇಕು? ಮೊದಲು ಮುಟ್ಟಬೇಕಾ, ಮೊದಲು ಯಾರನ್ನಾದರೂ ಕರೆಯಬೇಕಾ? ಯಾವ ಸಭೆಯಲ್ಲೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಾಲ್ಕನೆಯ ಮಹಡಿಯಲ್ಲಿ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಮುದುಕಿ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಎದುರು ಮನೆಯ ಹಜ್ಜಾ ನಬವಿಯಾ. ಮೊದಲ ವಾರ ಘಾಲಿಯ ಬಾಗಿಲು ತೋರಿಸಿದವಳೂ ಅವಳೇ. ತಲೆಯೆತ್ತಿ ನೋಡಿದಳು.

"ಓ, ಬುಟ್ಟಿಯವರು," ಎಂದಳು. ಅದರಲ್ಲಿ ಕುಹಕವಿರಲಿಲ್ಲ. ಹಾಲಿನವನು, ಪೇಪರಿನವನು ಅನ್ನುವ ಹಾಗೆ ಅಂದಳು. "ಬನ್ನಿ, ಚಪ್ಪಲಿ ಅಲ್ಲೇ ಇರ್ಲಿ, ನೆಲ ಒದ್ದೆ."

"ಅವರು..."

"ಇದಾರೆ. ಎಲ್ಲಿಗೆ ಹೋಗ್ತಾರೆ." ಅವಳು ಗೋಡೆ ಹಿಡಿದು ಎದ್ದಳು. "ಬೆಳಿಗ್ಗೆಯಿಂದ ಒಂದೇ ಹಟ, ಮಂಗಳವಾರ ಬಾಲ್ಕನಿಗೆ ಹೋಗಬೇಕು ಅಂತ. ಈ ಧೂಳಲ್ಲಿ ಬೇಡ, ಬುಟ್ಟಿ ನಾನು ಬಿಡ್ತೀನಿ ಅಂದೆ. ಕೇಳಲಿಲ್ಲ. ನಾನು ಗಂಡನಿಗೆ ಸೂಜಿ ಚುಚ್ಚೋಕೆ ಆ ಕಡೆ ಹೋಗಿದ್ದೇ ತಡ, ಎದ್ದು ನಾಲ್ಕು ಹೆಜ್ಜೆ ಇಟ್ಟು ಬಿದ್ದಿದಾರೆ. ಮೂಳೆ ಮುರಿದಿಲ್ಲ. ಆದರೆ ಬಟ್ಟೆಯೆಲ್ಲ ಹೊಲಸಾಗಿದೆ. ಹೇಗೋ ಮಂಚಕ್ಕೆ ಹತ್ತಿಸಿದೆ, ನನಗೆ ಅಷ್ಟೇ ಆಗಿದ್ದು." ಬಕೀಟಿನ ಕಡೆ ಕೈ ತೋರಿದಳು. "ಬಿಸಿನೀರಿದೆ. ಒಗೆದ ಗಲಾಬಿಯಾ ಕುರ್ಚಿ ಮೇಲಿದೆ. ಮೈ ಒರೆಸಿ ತೊಡಿಸಬೇಕು. ಅದೊಂದು ನಾನು ಮಾಡೋ ಹಾಗಿಲ್ಲ, ಅವರಿಗೂ ನಾಚಿಕೆ ನನಗೂ ನಾಚಿಕೆ. ನಮ್ಮ ಯಜಮಾನರು ಮಾಡ್ತಿದ್ರು, ಅವರಿಗೆ ಸೊಂಟ ಹಿಡಿದು ಹತ್ತು ದಿನ ಆಯ್ತು. ಗಂಡಸು ಯಾರೂ ಸಿಕ್ಕಿರಲಿಲ್ಲ."

"ನಾನು ಅಬೂನಾಗೆ ಫೋನ್ ಮಾಡಿ ಯಾರನ್ನಾದರೂ..." ಎಂದ ವಿಸ್ಸಾ.

"ಮಾಡಿ. ಆದರೆ ಅವರು ಬರೋ ಹೊತ್ತಿಗೆ ನೀರು ಆರಿಹೋಗತ್ತೆ," ಎಂದು ಒರೆಸುವ ಬಟ್ಟೆ ಹಿಂಡಿಕೊಂಡು ಎದುರು ಮನೆಗೆ ಹೋದಳು.

ಕೋಣೆ ಮಂಕಾಗಿತ್ತು. ಮಂಚದ ಮೇಲೆ, ಎರಡು ದಿಂಬಿಗೆ ಒರಗಿ, ಕಣ್ಣು ಮುಚ್ಚಿಕೊಂಡು ಘಾಲಿ. ಕೆಳಗಿನಿಂದ ನೋಡಿದಾಗ ಒಂದು ಕೈ ಮತ್ತು ಒಂದು ಬೋಳು ತಲೆ ಮಾತ್ರವಾಗಿದ್ದ ಮನುಷ್ಯನಿಗೆ ಇಷ್ಟೊಂದು ದೇಹವಿತ್ತೇ. ಎದೆಯ ಮೂಳೆಗಳು ಒಂದೊಂದು ಉಸಿರಿಗೂ ಒಳಕ್ಕೆ ಕುಸಿದು ಮೇಲೇಳುತ್ತಿದ್ದವು. ಸದ್ದು ಅದೇ, ಗೋಡೆಯ ಆಚೆಯ ಸದ್ದೇ. ವಿಸ್ಸಾ ಕಿಟಕಿಯ ಚಿಲಕ ಸರಿಯಾಗಿದೆಯೇ ನೋಡಿದ. ಕ್ಯಾರಿಯರನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಇಟ್ಟ. ಔಷಧಿಯ ಪೊಟ್ಟಣದ ಮೇಲಿನ ಅಕ್ಷರಗಳನ್ನು ಪೂರ್ತಿ ಓದಿದ. ತನ್ನ ಕನ್ನಡಕ ತೆಗೆದು ಒರೆಸಿದ, ಅದು ಶುಭ್ರವಾಗಿಯೇ ಇತ್ತು.

"ಹೋಗಿ ಉಸ್ತಾದ್," ಎಂದ ಘಾಲಿ, ಕಣ್ಣು ತೆರೆಯದೆ. ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. "ಪರವಾಗಿಲ್ಲ. ಬಾಗಿಲು ಮುಂದೆ ಮಾಡಿ ಹೋಗಿ. ಅವಳು ಏನೂ ಅಂದುಕೊಳ್ಳಲ್ಲ."

"ಇಲ್ಲ ಘಾಲಿಯಣ್ಣ. ಸ್ವಲ್ಪ ಹೊತ್ತು ಇರ್ತೀನಿ."

"ಮೊದಲನೇ ವಾರ ನೀವು ಮೇಲೆ ಬಂದ್ರಿ. ಬಾಗಿಲಲ್ಲೇ ನಿಂತ್ರಿ. ನಾನು ಕೆಮ್ಮಿದೆ. ಆಗ ನಿಮ್ಮ ಮುಖ ನೋಡಿದೆ." ಘಾಲಿಯ ತುಟಿಯ ಅಂಚಿನಲ್ಲಿ ನಗುವಿನಂಥದೇನೋ ಬಂತು. "ಇವನು ಮುಂದಿನ ವಾರ ಬರಲ್ಲ ಅಂದುಕೊಂಡೆ. ನಿಮ್ಮ ಹಿಂದಿನವನು ಎರಡೇ ಸಲ ಬಂದಿದ್ದು. ಅದಕ್ಕೆ ಬುಟ್ಟಿ ಬಿಟ್ಟೆ."

ವಿಸ್ಸಾಗೆ ಮೊದಲು ಅರ್ಥವಾಗಲಿಲ್ಲ. ಬುಟ್ಟಿ ಘಾಲಿಯ ಅನುಕೂಲಕ್ಕೆ ಎಂದೇ ಅವನು ತಿಳಿದಿದ್ದ. ಎದ್ದು ಬಾಗಿಲು ತೆಗೆಯುವ ಕಷ್ಟ ತಪ್ಪಲಿ ಎಂದು, ಮುದುಕರಿಗೆ ಹೀಗೇ ಹಿತವೆಂದು. ಮಂಚದಿಂದ ಬಾಲ್ಕನಿಯ ಕುರ್ಚಿಗೆ ಎಷ್ಟು ದೂರವಿದೆ ಎಂದು ಈಗ ನೋಡಿದ. ಬಾಗಿಲಿಗೆ ಇರುವುದಕ್ಕಿಂತ ಎರಡರಷ್ಟು. ನಡುವೆ ಒಂದು ಹೊಸ್ತಿಲು ಬೇರೆ.

"ಹಜ್ಜಾ ಬಿಡ್ತಿದ್ರಲ್ಲ," ಎಂದ, ದನಿ ಎಲ್ಲಿಂದಲೋ ಬಂದಂತಿತ್ತು.

"ಅವಳು ಬಿಟ್ಟರೆ ನಾನು ಮಲಗಿದೀನಿ ಅಂತ ನಿಮಗೆ ಗೊತ್ತಾಗತ್ತೆ. ಮೇಲೆ ಬಂದು ನೋಡಬೇಕು ಅನ್ನಿಸತ್ತೆ. ಮತ್ತೆ ಹೆದರ್ತೀರಿ." ಅವನು ಕೆಮ್ಮಿದ, ತಡೆದುಕೊಂಡ. "ಸೋಮವಾರ ರಾತ್ರಿ ಜಾಸ್ತಿ ಔಷಧಿ ತಗೊಳ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಹನ್ನೊಂದೂವರೆಗೆ ಕುರ್ಚಿ ಸಿಗ್ತಿತ್ತು. ನನಗೂ ವಾರಕ್ಕೊಂದು ಕೆಲಸ ಇದ್ದ ಹಾಗಾಯ್ತು, ಬಿಡಿ."

"ಶುಕ್ರವಾರ ಸಭೇಲಿ ಅಬೂನಾ ನನ್ನ ಹೊಗಳಿದ್ರು," ಎಂದುಬಿಟ್ಟ ವಿಸ್ಸಾ. "ನಾನು ಮೇಲೆ ಬಂದು ಕೂತ್ಕೋತೀನಿ ಅಂತ. ನಾನು ಸುಮ್ಮನಿದ್ದೆ."

"ನಾನೇ ಹೇಳಿದ್ದು. ಅವರು ಕಮ್ಯುನಿಯನ್ ತಂದಾಗ ಕೇಳಿದ್ರು. ಕೂತ್ಕೊಂಡು ಮಾತಾಡಿಸ್ತಾರೆ ಅಂದೆ. ಬಾಯಲ್ಲಿ ಇನ್ನೂ ಪ್ರಸಾದದ ರುಚಿ ಇತ್ತು, ಆಗಲೇ ಸುಳ್ಳು ಹೇಳಿದೆ." ಘಾಲಿ ಕಣ್ಣು ತೆರೆದ. ಕಣ್ಣುಗಳು ಒದ್ದೆಯಾಗಿದ್ದವು, ಧೂಳಿಗೋ ಯಾವುದಕ್ಕೋ. "ನೀರು ಆರ್ತಿದೆ ಉಸ್ತಾದ್. ಹೋಗೋದಾದರೆ ಹೋಗಿ. ಇರೋದಾದರೆ ಅಂಗಿ ತೋಳು ಮಡಚಿ. ನನಗೆ ಚಳಿ ಆಗ್ತಿದೆ."

ವಿಸ್ಸಾ ತೋಳು ಮಡಚಿದ. ಇದಕ್ಕೆ ಅವನು ಆಮೇಲೆ ಎಷ್ಟು ಯೋಚಿಸಿದರೂ ಕಾರಣ ಸಿಗಲಿಲ್ಲ. ಧೈರ್ಯ ಬಂದಿರಲಿಲ್ಲ, ಭಯ ಒಂದು ಕೂದಲಿನಷ್ಟೂ ಕಡಿಮೆಯಾಗಿರಲಿಲ್ಲ. ಕೊಳೆಯಾದ ಬಟ್ಟೆಯನ್ನು ಎಳೆದಾಗ ಎದ್ದ ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿ, ಬಾಯಲ್ಲಿ ಉಸಿರಾಡಿದ. ಹಾಗೆ ತಿರುಗಿಸಿದ್ದನ್ನು ಘಾಲಿ ನೋಡಿದನೆಂದು ಗೊತ್ತಾಗಿ ಮತ್ತೆ ಎದುರಿಗೆ ತಿರುಗಿಸಿದ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ ಒರೆಸಿದ, ಕುತ್ತಿಗೆ, ತೋಳು, ಪಕ್ಕೆ. ಮಣಿಕಟ್ಟಿನ ಒಳಗೆ ಹಚ್ಚೆಯ ಶಿಲುಬೆ. ಬಾಲ್ಯದಲ್ಲಿ ಹಾಕಿಸಿದ್ದು ಚರ್ಮದೊಂದಿಗೆ ಹಿಗ್ಗಿ, ಆಮೇಲೆ ಕುಗ್ಗಿ, ಈಗ ನಾಲ್ಕು ನೀಲಿ ಕಲೆಯಾಗಿತ್ತು. ಹೋದ ವರ್ಷ ದೊಡ್ಡ ಗುರುವಾರ ಚರ್ಚಿನಲ್ಲಿ ಅಬೂನಾ ಎಲ್ಲರ ಪಾದ ತೊಳೆಯುವಾಗ, ತನ್ನ ಕಾಲಿನಲ್ಲಿ ಕೊಳೆ ಕಂಡರೆ ಎಂಬ ಹೆದರಿಕೆಗೆ ವಿಸ್ಸಾ ಮನೆಯಲ್ಲೇ ಸೋಪು ಹಚ್ಚಿ ಉಜ್ಜಿ, ಉಗುರು ಕತ್ತರಿಸಿ ಹೋಗಿದ್ದ. ಹೆಂಡತಿ ಮಾರ್ಸೆಲ್ ಬಾಗಿಲಲ್ಲಿ ನಿಂತು, "ತೊಳೆಸ್ಕೊಳ್ಳೋಕೆ ಹೋಗ್ತಿದ್ದೀರಾ, ತೋರಿಸೋಕೆ ಹೋಗ್ತಿದ್ದೀರಾ?" ಎಂದು ಕೇಳಿದ್ದಳು. ಇಲ್ಲಿ ತೊಡೆಯ ಸಂದಿಯಲ್ಲಿ ಒಣಗಿ ಅಂಟಿಕೊಂಡಿದ್ದನ್ನು ಮೂರು ಸಲ ಒರೆಸಬೇಕಾಯಿತು. ಚರ್ಮ ಕಿತ್ತು ಬಂದೀತೆಂದು ಹೆದರಿ ಮೆಲ್ಲಗೆ ಒರೆಸಿದ. "ಗಟ್ಟಿಯಾಗಿ ಒರೆಸಿ, ನಾನೇನು ಕನ್ನಡಕದ ಗಾಜಾ," ಎಂದ ಘಾಲಿ. ವಿಸ್ಸಾಗೆ ನಗು ಬಂತು, ಬಂದದ್ದಕ್ಕೆ ಆಶ್ಚರ್ಯವಾಯಿತು. ನೀರು ಬೂದಿಬಣ್ಣಕ್ಕೆ ತಿರುಗಿತು. ಬಚ್ಚಲಿಗೆ ಹೋಗಿ ಚೆಲ್ಲಿ, ಹೊಸ ನೀರು ಹಿಡಿದು ಬರುವಾಗ ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಕಾಣುತ್ತಿತ್ತು. ಅವನು ಅದನ್ನು ನೋಡಿದ. ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಗಲಾಬಿಯಾದ ತೋಳಿಗೆ ಎರಡನೆಯ ಕೈ ತೂರಿಸುತ್ತಿದ್ದಾಗ ಕೆಮ್ಮು ಬಂತು. ಹಿಂದಿನಂತೆ ತಡೆದುಕೊಳ್ಳುವ ಕೆಮ್ಮಲ್ಲ. ಘಾಲಿಯ ಬೆನ್ನು ಬಿಲ್ಲಾಗಿ ಬಾಗಿತು, ಬಾಯಿ ತೆರೆಯಿತು, ಗಾಳಿ ಒಳಗೆ ಹೋಗಲಿಲ್ಲ. ಕತ್ತಿನ ನರಗಳು ಹಗ್ಗದಂತೆ ಎದ್ದವು. ಒಂದು ಕೈ ಗಾಳಿಯಲ್ಲಿ ತಡಕಾಡಿತು. ವಿಸ್ಸಾ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಅಡುಗೆಮನೆಯಲ್ಲಿ ನೀರು ಕಾಯಿಸಬೇಕು, ಹಬೆ ಕೊಡಬೇಕು, ಹೌದು, ನೀರು, ಒಲೆ ಎಲ್ಲಿದೆ, ಎಂದು ಅವನ ಕಾಲು ಆಗಲೇ ಆ ಕಡೆ ತಿರುಗಿತ್ತು. "ಹಿಂದಿನಿಂದ," ಎಂದ ಘಾಲಿ, ಬರೀ ತುಟಿಯಲ್ಲಿ. "ಹಿಂದಿನಿಂದ ಎತ್ತಿ ಹಿಡೀರಿ."

ಅವನು ಮಂಚ ಹತ್ತಿದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದದ್ದಕ್ಕೆ ಯಾಕೋ ಸಮಾಧಾನವಾಯಿತು. ದಿಂಬುಗಳನ್ನು ತಳ್ಳಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಘಾಲಿಯ ಕಂಕುಳ ಕೆಳಗೆ ಎರಡೂ ಕೈ ಹಾಕಿ ತನ್ನ ಎದೆಗೆ ಒರಗಿಸಿಕೊಂಡ. ಅಷ್ಟು ಹಗುರವಾಗಿದ್ದ ಮನುಷ್ಯ ಆ ಕೆಮ್ಮಿನಲ್ಲಿ ಎಷ್ಟು ಭಾರ. ಒಂದೊಂದು ಸಲ ದೇಹ ಎಗರಿದಾಗಲೂ ವಿಸ್ಸಾನ ತಲೆ ಗೋಡೆಗೆ ಬಡಿಯಿತು. ಈಗ ಆ ಸದ್ದು ಹೊರಗಿರಲಿಲ್ಲ. ತನ್ನ ಪಕ್ಕೆಲುಬಿನೊಳಗಿಂದಲೇ ಬರುತ್ತಿತ್ತು, ಯಾರ ಉಸಿರು ಯಾರದೆಂದು ತಿಳಿಯುತ್ತಿರಲಿಲ್ಲ. ಈಗ ಸಾಯುತ್ತಾನೆ, ನನ್ನ ತೋಳಿನಲ್ಲೇ, ಈಗ. ಪ್ರಾರ್ಥನೆ ನೆನಪಾಗಲಿಲ್ಲ. ನಲವತ್ತು ವರ್ಷ ಬಾಯಿಪಾಠ ಹೇಳಿದ ಪ್ರಾರ್ಥನೆಗಳಲ್ಲಿ ಒಂದೂ ಬರಲಿಲ್ಲ, ಅಮ್ಮಾ ಎಂಬುದೊಂದು ಬಂತು.

"ನಡುಗ್ತಿದ್ದೀರಿ," ಎಂದ ಘಾಲಿ, ಎರಡು ಕೆಮ್ಮಿನ ನಡುವೆ.

"ಹೂಂ."

"ನಡುಗಿ. ಬಿಡಬೇಡಿ."

ಬಿಡಲಿಲ್ಲ. ಎಷ್ಟು ಹೊತ್ತೋ. ಕಿಟಕಿಯ ಗಾಜಿಗೆ ಮರಳು ಸರಸರ ಬಡಿಯುತ್ತಿತ್ತು, ಎಲ್ಲೋ ಮಧ್ಯಾಹ್ನದ ನಮಾಜಿನ ಕರೆ ಮುಗಿದು ಬಹಳ ಹೊತ್ತಾಗಿತ್ತು. ಕೊನೆಗೆ ಕೆಮ್ಮು ಇಳಿಯಿತು. ಸ್ವಲ್ಪ ಕಫ ಬಂತು, ವಿಸ್ಸಾ ಅದನ್ನು ತನ್ನ ಕರವಸ್ತ್ರದಲ್ಲಿ ಒರೆಸಿದ, ಆ ಕರವಸ್ತ್ರವನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಇಟ್ಟುಕೊಂಡ. ಗಾಳಿ ಒಳಗೆ ಹೋಗುತ್ತಿತ್ತು, ಹರಿಹರಿದಾದರೂ ಹೋಗುತ್ತಿತ್ತು. ಘಾಲಿಯ ತಲೆ ಅವನ ಭುಜದ ಕಡೆಗೆ ವಾಲಿತು, ಕುತ್ತಿಗೆ ಸಡಿಲವಾಯಿತು. ವಿಸ್ಸಾ ಗಾಬರಿಯಿಂದ ಮೂಗಿನ ಕೆಳಗೆ ಬೆರಳು ಹಿಡಿದ. ಬಿಸಿ ಉಸಿರು ತಾಗಿತು. ನಿದ್ದೆ.

ಹಜ್ಜಾ ನಬವಿಯಾ ಒಂದು ತಟ್ಟೆಯಲ್ಲಿ ಏನನ್ನೋ ಮುಚ್ಚಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಮಂಚದ ಮೇಲೆ ಒಬ್ಬರಿಗೊಬ್ಬರು ಒರಗಿ ಕೂತ ಇಬ್ಬರು ಮುದಿಗಂಡಸರನ್ನು ನೋಡಿದಳು, ಒದ್ದೆ ತೋಳು, ಓರೆಯಾದ ಕನ್ನಡಕ.

"ಮಲಗಿದ್ರಾ?" ಎಂದಳು ಮೆಲ್ಲಗೆ.

ಅವನು ಹೌದೆಂದು ಕಣ್ಣಲ್ಲೇ ಹೇಳಿದ.

"ಈ ವಾರವೆಲ್ಲ ಮಲಗಿರಲಿಲ್ಲ. ದಿಂಬು ಕೊಟ್ಟು ಮೆಲ್ಲಗೆ ಇಳೀರಿ. ಗಿರಾಕಿಗಳು ಕಾಯ್ತಿದಾರಂತಲ್ಲ, ರಗಬ್ ಹೇಳಿದ."

ವಿಸ್ಸಾ ಅಲುಗಲಿಲ್ಲ. ಬಲಗೈ ಜೋಮು ಹಿಡಿದು ತನ್ನದಲ್ಲವೆನಿಸುತ್ತಿತ್ತು. ಬೆನ್ನಿಗೆ ಗೋಡೆಯ ತಂಪು, ಮುಂದೆ ಆ ಮೈಯ ಬಿಸಿ. ಭಯ ಇನ್ನೂ ಅಲ್ಲೇ ಇತ್ತು. ಇನ್ನೊಮ್ಮೆ ಕೆಮ್ಮು ಬಂದೀತು, ನಾಳೆ ಬಂದೀತು, ಒಂದು ದಿನ ಉಸಿರು ನಿಂತೇ ಹೋದೀತು, ಆ ದಿನ ತಾನು ಇಲ್ಲಿರುತ್ತೇನೋ ಓಡುತ್ತೇನೋ ಅವನಿಗೆ ಗೊತ್ತಿರಲಿಲ್ಲ.

"ಯಾಕೆ, ಕಾಲು ಹಿಡಿದುಕೊಂಡಿತಾ?" ಎಂದಳು ಹಜ್ಜಾ.

"ಇಲ್ಲ," ಎಂದು ಅವನು ತುಟಿಯಷ್ಟೇ ಅಲುಗಿಸಿ ಪಿಸುಗುಟ್ಟಿದ. "ನನ್ನ ಎದೆ ಹೊಡ್ಕೋತಿದೆ. ಅವರ ಬೆನ್ನಿಗೇ ಬಡೀತಿದೆ. ಎಲ್ಲಿ ಎಚ್ಚರ ಆಗಿಬಿಡತ್ತೋ ಅಂತ ಹೆದರಿಕೆ."